ತಲೆ ಎತ್ತಿ ನೋಡಿದ ಮುಂಬೈ

ಬೆಂಗಳೂರಿನಿಂದ ಹೊರಡುವ ಉದ್ಯಾನ್ ಎಕ್ಸ್‌ಪ್ರೆಸ್ ನಮ್ಮನ್ನು ದಾದರಿನಲ್ಲೋ ಕುರ್ಲಾದಲ್ಲೋ ಇಳಿಸಿ ಮುಗಿಸುವುದಿಲ್ಲ. ಸೀದಾ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ಸಿಗೇ ತಂದು ಬಿಡುತ್ತದೆ. ಹಳಬರ ಬಾಯಲ್ಲಿ ಅದು ಈಗಲೂ ವಿ.ಟಿ., ಅಂದರೆ ವಿಕ್ಟೋರಿಯಾ ಟರ್ಮಿನಸ್. ನಾನು ಇಳಿದಾಗ ಕತ್ತಲಾಗಿತ್ತು. ಹೊರಗೆ ಬಂದು ತಿರುಗಿ ನೋಡಿದರೆ ಇಡೀ ಕಟ್ಟಡ ಬಣ್ಣಬಣ್ಣದ ದೀಪಗಳಲ್ಲಿ ಮುಳುಗಿತ್ತು. ಜನ ಮೊಬೈಲ್ ಎತ್ತಿ ಹಿಡಿದು ಫೋಟೊ ತೆಗೆಯುತ್ತಿದ್ದರು. ನನ್ನನ್ನು ಕರೆದೊಯ್ಯಲು ಬಂದಿದ್ದ ಅಕ್ಕ ಮಾತ್ರ ಆ ಕಡೆ ನೋಡಲಿಲ್ಲ. "ಈ ಬೆಳಕಿನ್ಯಾಗ ಕೆತ್ತನಿ ಏನೂ ಕಾಣಂಗಿಲ್ಲ. ನಾಳೆ ನೋಡೂಣು, ನಡಿ" ಎಂದರು.

ಅಕ್ಕ ಎಂದರೆ ಒಡಹುಟ್ಟಿದವರಲ್ಲ. ಧಾರವಾಡದ ಕಡೆಯವರು, ಮುಂಬೈಯಲ್ಲಿ ನೆಲೆಸಿ ಬಹಳ ಕಾಲವಾಯಿತು. ಕಲಾ ಇತಿಹಾಸ ಅವರ ಕಸುಬು. ಊರಿನ ಹಳೆಯ ಸಾರ್ವಜನಿಕ ಕಟ್ಟಡಗಳ ಮೇಲಿನ ಕೆತ್ತನೆ, ಚೌಕದಲ್ಲಿ ನಿಲ್ಲಿಸಿದ ಪ್ರತಿಮೆ, ಇವುಗಳನ್ನು ಮಾಡಿದ ಕೈ ಯಾರದ್ದು ಎಂದು ಹುಡುಕುವುದು ಅವರ ಕೆಲಸ. ಕಟ್ಟಡಕ್ಕೆ ನಕ್ಷೆ ಬರೆದವನ ಹೆಸರು ಎಲ್ಲ ಕಡೆ ಸಿಗುತ್ತದೆ. ದುಡ್ಡು ಕೊಟ್ಟವರ ಹೆಸರಂತೂ ಕಲ್ಲಿನ ಮೇಲೇ ಇರುತ್ತದೆ. ಉಳಿ ಹಿಡಿದವನ ಹೆಸರು ಬೇಕೆಂದರೆ ಹಳೆಯ ವರದಿ, ಲೆಕ್ಕದ ಪುಸ್ತಕ, ಶಾಲೆಯ ದಾಖಲೆ ಎಲ್ಲ ಜಾಲಾಡಬೇಕು. ಅಷ್ಟಾದರೂ ಬಹಳ ಸಲ ಸಿಗುವುದಿಲ್ಲ. ಆಗ ಉಳಿಯುವುದು ಕಲ್ಲು ಒಂದೇ. ಅದನ್ನು ಹೇಗೆ ನೋಡುತ್ತಾರೆ ಎಂದು ತಿಳಿಯಲೆಂದೇ ನಾನು ಹೋಗಿದ್ದು.

ಬೆಳಗ್ಗೆ ಮೊದಲು ಹೋಗಿದ್ದು ಕ್ರಾಫರ್ಡ್ ಮಾರ್ಕೆಟ್ಟಿಗೆ. ಈಗಿನ ಹೆಸರು ಮಹಾತ್ಮ ಜ್ಯೋತಿಬಾ ಫುಲೆ ಮಂಡಿ. 1869ರ ಕಟ್ಟಡ, ನಕ್ಷೆ ವಿಲಿಯಂ ಎಮರ್ಸನ್‌ನದು. ಹಣ್ಣಿನ ಬುಟ್ಟಿಗಳು, ಕೈಗಾಡಿ, ಸರಿಯಿರಿ ಸರಿಯಿರಿ ಎಂಬ ಕೂಗು. ಅಲ್ಲಿ ನಿಂತು ತಲೆ ಎತ್ತುವುದೇ ಕಷ್ಟ. ಅಕ್ಕ ನನ್ನ ತೋಳು ಹಿಡಿದು ರಸ್ತೆಯ ಆ ಬದಿಗೆ ಎಳೆದುಕೊಂಡು ಹೋದರು. "ಬುಡಕ್ಕ ನಿಂತ್ರ ಕಟ್ಟಡ ಕಾಣಂಗಿಲ್ಲ. ದೂರ ಸರದು ಮ್ಯಾಲೆ ನೋಡು."

ನೋಡಿದೆ. ಬಾಗಿಲ ಕಮಾನಿನ ಮೇಲೆ ಉಬ್ಬುಶಿಲ್ಪಗಳಿವೆ. ಹೊಲದ ಜನ, ಅವರ ದುಡಿಮೆ. ಕೆಳಗೆ ಮಾರುವ ಬೆಳೆ ಎಲ್ಲಿಂದ ಬಂತು ಎಂಬುದನ್ನು ಬಾಗಿಲ ಮೇಲೆಯೇ ತೋರಿಸಿದ ಹಾಗಿದೆ. ಇದರ ಹಿಂದೆ ಇರುವವರು ಲಾಕ್‌ವುಡ್ ಕಿಪ್ಲಿಂಗ್. 1865ರಲ್ಲಿ ಕಟ್ಟಡ ಶಿಲ್ಪ ಕಲಿಸುವ ಮೇಷ್ಟ್ರಾಗಿ ಇಲ್ಲಿಗೆ ಬಂದರು. ಅವರು ಕಲಿಸಿದ ಜೆ.ಜೆ. ಸ್ಕೂಲ್ ಆಫ್ ಆರ್ಟ್ ಮಾರ್ಕೆಟ್ಟಿಗೆ ತೀರಾ ಹತ್ತಿರ. ಸರ್ ಜಮ್ಶೆಟ್‌ಜಿ ಜೀಜಾಭಾಯ್ ಅವರ ದುಡ್ಡಿನಲ್ಲಿ 1857ರಲ್ಲಿ ಶುರುವಾದ ಶಾಲೆ ಅದು. ನಮ್ಮ ಉಡುಪಿ ಕಡೆಯ ಕೆ.ಕೆ. ಹೆಬ್ಬಾರರು ಓದಿದ್ದೂ, ಆಮೇಲೆ ಪಾಠ ಹೇಳಿದ್ದೂ ಇಲ್ಲೇ.

ಮುಂಬೈಯ ಕೆತ್ತನೆಯ ಕಥೆ ತಿಳಿಯಬೇಕಾದರೆ ಈ ಕಾಲ ಗೊತ್ತಿರಬೇಕು. ಅಮೆರಿಕದಲ್ಲಿ 1861ರಿಂದ 65ರವರೆಗೆ ಅಂತರ್ಯುದ್ಧ. ಅಲ್ಲಿನ ಹತ್ತಿ ಇಂಗ್ಲೆಂಡಿಗೆ ಬರುವುದು ನಿಂತಿತು. ಮುಂಬೈಯ ಹತ್ತಿಗೆ ಬಂಗಾರದ ಬೆಲೆ ಬಂತು. ಅದೇ ಹೊತ್ತಿಗೆ ಗವರ್ನರ್ ಬಾರ್ಟ್ಲ್ ಫ್ರೇರ್ ಹಳೆಯ ಕೋಟೆಯ ಗೋಡೆ ಕೆಡವಿಸಿದರು. ಜಾಗವೂ ಸಿಕ್ಕಿತು, ದುಡ್ಡೂ ಇತ್ತು. ದೊಡ್ಡ ದೊಡ್ಡ ಕಟ್ಟಡಗಳು ಏಳತೊಡಗಿದವು. ಅಷ್ಟು ಕೆತ್ತನೆಗೆ ಕೈಗಳು ಬೇಕಲ್ಲ? ಎಲ್ಲವನ್ನೂ ವಿಲಾಯತಿಯಿಂದ ತರಿಸಲು ಆಗುವುದಿಲ್ಲ. ಶಾಲೆಯ ಹುಡುಗರು, ಇಲ್ಲಿನ ಕಲ್ಲುಕುಟಿಗರು ಆ ಕೆಲಸಕ್ಕೆ ಬಂದರು.

ಅಲ್ಲಿಂದ ಮತ್ತೆ ವಿ.ಟಿ.ಗೆ. ಫ್ರೆಡರಿಕ್ ವಿಲಿಯಂ ಸ್ಟೀವನ್ಸ್ ನಕ್ಷೆ ಹಾಕಿದ ಈ ನಿಲ್ದಾಣದ ಕೆಲಸ 1878ರಲ್ಲಿ ಶುರುವಾಗಿ ಮುಗಿಯಲು ಹತ್ತು ವರ್ಷ ಹಿಡಿಯಿತು. ಮುಂಭಾಗ ಪಡುವಣಕ್ಕಿದೆ. ಬೆಳಗ್ಗೆ ಅಲ್ಲಿ ನೆರಳು. ಹೀಗಾಗಿ ನಾವು ಮೊದಲು ಒಳಗೆ ಹೋದೆವು, ಲೋಕಲ್ ರೈಲಿನ ಟಿಕೆಟ್ ಕೊಡುವ ಹಾಲಿಗೆ. ಚಾವಣಿಯಲ್ಲಿ ನಕ್ಷತ್ರಗಳಿವೆ, ಅದಕ್ಕೇ ಸ್ಟಾರ್ ಚೇಂಬರ್ ಎಂದು ಹೆಸರು. ನೂರಾರು ಜನ ಸಾಲಿನಲ್ಲಿದ್ದರು. ಮೇಲೆ ನೋಡುತ್ತಿದ್ದವರು ನಾವಿಬ್ಬರೇ ಇರಬೇಕು.

ಅಕ್ಕ ಒಂದು ಕಂಬದ ತಲೆ ತೋರಿಸಿದರು. ಎಲೆಗಳ ಗೊಂಚಲು. ಬೈನಾಕ್ಯುಲರ್ ಕೊಟ್ಟು, "ಎಲಿ ಅಂಚು ನೋಡು" ಎಂದರು. ಎಲೆಯ ಅಂಚು ಕಲ್ಲಿಗೆ ಅಂಟಿಕೊಂಡಿರಲಿಲ್ಲ. ಹಿಂದಿನಿಂದ ಉಳಿ ಹೋಗಿ, ಎಲೆ ಬಿಡಿಯಾಗಿ ಮುಂದಕ್ಕೆ ಬಾಗಿತ್ತು. ಅದರ ಕೆಳಗೆ ಬೆರಳು ತೂರಿಸುವಷ್ಟು ಕತ್ತಲೆ. ಪಕ್ಕದ ಎಲೆ ಅಷ್ಟು ಆಳವಿರಲಿಲ್ಲ. ನಾಳಗಳನ್ನು ಗೀರು ಎಳೆದು ಬಿಟ್ಟಿದ್ದರು. ಒಂದೇ ಕಂಬ, ಒಂದೇ ನಕ್ಷೆ. ಕೈ ಮಾತ್ರ ಎರಡು ಅಂತ ಅಕ್ಕನ ಲೆಕ್ಕ. ಅವರು ಹೀಗೇ ಕಂಬದಿಂದ ಕಂಬಕ್ಕೆ ಹೋಗಿ, ಆಳ ಕೆತ್ತುವ ಕೈ ಎಲ್ಲೆಲ್ಲಿ ಬರುತ್ತದೆ ಎಂದು ಗುರುತು ಹಾಕಿಕೊಂಡಿದ್ದಾರೆ. ಆ ಮನುಷ್ಯನ ಹೆಸರು ಗೊತ್ತಿಲ್ಲ. ಆದರೂ ಆ ಎಲೆ ನೋಡಿದ ಮೇಲೆ ಅಲ್ಲಿ ಒಬ್ಬ ಮನುಷ್ಯ ಕೂತು ಕೆಲಸ ಮಾಡಿದ್ದ ಎಂಬುದು ನನಗೆ ಮೈಮುಟ್ಟಿದಂತೆ ಗೊತ್ತಾಯಿತು.

ಕಲ್ಲಿನ ವಿಷಯವನ್ನೂ ಇಲ್ಲೇ ಹೇಳಬೇಕು. ಈ ಕಾಲದ ಕಟ್ಟಡಗಳಲ್ಲಿ ಗೋಡೆಗೆ ಹೆಚ್ಚಾಗಿ ಕುರ್ಲಾ, ಮಾಲಾಡ್ ಕಡೆಯ ಗಟ್ಟಿ ಕಲ್ಲು. ಕೆತ್ತನೆಗೆ ಗುಜರಾತಿನ ಪೋರ್‌ಬಂದರಿನಿಂದ ಹಡಗಿನಲ್ಲಿ ಬಂದ ಕಲ್ಲು. ಅದು ಸುಣ್ಣದ ಜಾತಿಯದು, ಮೆತ್ತಗಿರುತ್ತದೆ, ಉಳಿಗೆ ಬೇಗ ಮಣಿಯುತ್ತದೆ. ಅದಕ್ಕೇ ಎಲೆಯನ್ನು ಅಷ್ಟು ತೆಳ್ಳಗೆ ಬಿಡಿಸಲು ಆಯಿತು. ಅದೇ ಗುಣ ಅದಕ್ಕೆ ಮುಳುವೂ ಆಗಿದೆ. ಮುಂಬೈ ಮಳೆ, ಉಪ್ಪು ಗಾಳಿ, ಗಾಡಿಗಳ ಹೊಗೆಗೆ ಮೆತ್ತನೆಯ ಕಲ್ಲು ಮೊದಲು ಸವೆಯುತ್ತದೆ. ಒಳಗಿನ ಎಲೆ ಚೂಪಾಗಿದ್ದರೆ ಹೊರಗಿನ ಎಲೆ ಮೊಂಡಾಗಿರುತ್ತದೆ. ಹೊರಗೆ ಎಲ್ಲೋ ಚೂಪು ಕಂಡರೆ ಅನುಮಾನ ಪಡಬೇಕಂತೆ. ಅದು ರಿಪೇರಿಯಲ್ಲಿ ಹೊಸದಾಗಿ ಕೆತ್ತಿದ್ದಿರಬಹುದು.

ಹೊರಗೆ ಗೇಟಿನ ಕಂಬಗಳ ಮೇಲೆ ಒಂದು ಸಿಂಹ, ಒಂದು ಹುಲಿ. ಸಿಂಹ ಬ್ರಿಟನ್, ಹುಲಿ ಭಾರತ. ಗುಮ್ಮಟದ ತುದಿಯಲ್ಲಿ ಬಲಗೈಯಲ್ಲಿ ಪಂಜು ಎತ್ತಿ, ಎಡಗೈಯಲ್ಲಿ ಚಕ್ರ ಹಿಡಿದ ಹೆಣ್ಣು, ಅವಳ ಹೆಸರು ಪ್ರಗತಿ. ಇವು ಥಾಮಸ್ ಅರ್ಪ್ ಎಂಬ ಇಂಗ್ಲಿಷ್ ಶಿಲ್ಪಿಯ ಕೆಲಸ. ಮುಂಭಾಗದ ಗಡಿಯಾರದ ಕೆಳಗೆ ಒಂದು ಗೂಡಿದೆ. ಅಲ್ಲಿ ವಿಕ್ಟೋರಿಯಾ ರಾಣಿಯ ಪ್ರತಿಮೆ ಇತ್ತು. ಸ್ವಾತಂತ್ರ್ಯ ಬಂದ ಮೇಲೆ ತೆಗೆದರು, ಗೂಡು ಖಾಲಿ ಇದೆ. ಖಾಲಿ ಬಿಟ್ಟಿದ್ದು ಒಳ್ಳೆಯದೇ ಆಯಿತು ಅಂತ ನನಗೆ ಅನಿಸಿತು. ಏನೋ ಇತ್ತು, ಈಗಿಲ್ಲ ಎಂಬುದು ದಾರಿಹೋಕನಿಗೂ ಕಾಣುತ್ತದೆ.

ಮಧ್ಯಾಹ್ನ ಹಳೆಯ ಕೋಟೆ ಇದ್ದ ಫೋರ್ಟ್ ಬಡಾವಣೆಯ ಒಂದು ಉಡುಪಿ ಹೋಟೆಲಿನಲ್ಲಿ ಊಟ. ಗಲ್ಲಾದಲ್ಲಿದ್ದವರು ನಮ್ಮ ಮಾತು ಕೇಳಿ, "ಊರಿಂದ ಬಂದದ್ದಾ?" ಎಂದು ಮಾತಾಡಿಸಿ ಮಜ್ಜಿಗೆ ಕಳಿಸಿದರು.

ಅಲ್ಲಿಂದ ಫ್ಲೋರಾ ಫೌಂಟನ್. ಹಳೆಯ ಕೋಟೆಯ ಚರ್ಚ್‌ಗೇಟ್ ಎಂಬ ಬಾಗಿಲು ಇದ್ದ ಜಾಗ. 1864ರ ಕಾರಂಜಿ, ನಕ್ಷೆ ನಾರ್ಮನ್ ಶಾ, ಕೆತ್ತಿದವರು ಜೇಮ್ಸ್ ಫೋರ್ಸೈತ್. ಕಲ್ಲೂ ಇಂಗ್ಲೆಂಡಿನಿಂದ ಬಂದ ಪೋರ್ಟ್‌ಲ್ಯಾಂಡ್ ಕಲ್ಲು. ಚೆನ್ನಾಗಿದೆ, ಆದರೆ ಅಕ್ಕ ಅಲ್ಲಿ ಹೆಚ್ಚು ನಿಲ್ಲಲಿಲ್ಲ. ಪಕ್ಕದಲ್ಲೇ ಪಂಜು ಹಿಡಿದು ನಿಂತ ರೈತ ಮತ್ತು ಕಾರ್ಮಿಕ, ಅದು ಹುತಾತ್ಮ ಸ್ಮಾರಕ. ಮುಂಬೈ ಸೇರಿದ ಮರಾಠಿ ರಾಜ್ಯ ಬೇಕೆಂದು ನಡೆದ ಸಂಯುಕ್ತ ಮಹಾರಾಷ್ಟ್ರ ಚಳವಳಿಯಲ್ಲಿ ಪ್ರಾಣ ಕೊಟ್ಟವರ ನೆನಪಿಗೆ 1961ರಲ್ಲಿ ನಿಲ್ಲಿಸಿದ್ದು. ಧಾರವಾಡದವರಿಗೆ ಇಲ್ಲಿ ಸುಮ್ನೆ ಹಾದುಹೋಗಲು ಆಗುವುದಿಲ್ಲ. 1956ರವರೆಗೆ ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಎಲ್ಲ ಮುಂಬೈ ಪ್ರಾಂತ್ಯಕ್ಕೇ ಸೇರಿದ್ದವು. ಭಾಷೆಯ ಮೇಲೆ ಗಡಿ ಎಳೆದ ಆ ವರ್ಷಗಳಲ್ಲೇ ನಮ್ಮವರು ಮೈಸೂರು ರಾಜ್ಯಕ್ಕೆ ಬಂದರು, ಇವರು ಈ ಊರಿಗಾಗಿ ಬೀದಿಗಿಳಿದರು.

ಅದೇ ಚೌಕದಲ್ಲಿ ದಾದಾಭಾಯಿ ನವರೋಜಿ ಕೂತಿದ್ದಾರೆ. ಶಿಲ್ಪಿ ಬಾಲಾಜಿ ವಸಂತ ತಾಲೀಮ್, ಜೆ.ಜೆ. ಶಾಲೆಯಲ್ಲಿ ಕಲಿತವರು. ಈ ಹೆಸರು ನಮಗೆ ಗೊತ್ತಿಲ್ಲದಿರಬಹುದು, ಅವರ ಕೆಲಸ ಮಾತ್ರ ಎಲ್ಲರಿಗೂ ಗೊತ್ತು. ಶಿರಡಿಯ ಸಮಾಧಿ ಮಂದಿರದಲ್ಲಿ 1954ರಲ್ಲಿ ಕೂರಿಸಿದ ಸಾಯಿಬಾಬಾ ಅವರ ಅಮೃತಶಿಲೆಯ ಮೂರ್ತಿ ತಾಲೀಮ್ ಅವರದೇ. ನಮ್ಮೂರಿನ ಅಂಗಡಿಗಳಲ್ಲಿ ಹಾರ ಹಾಕಿಟ್ಟ ಎಷ್ಟೋ ಪಟಗಳು ಆ ಮೂರ್ತಿಯವೇ. ಅದನ್ನು ಕೆತ್ತಿದವರ ಹೆಸರು ಕೇಳಿ ನೋಡಿ, ಹೇಳುವವರು ಸಿಗುವುದಿಲ್ಲ. ನನಗೂ ಅಂದೇ ಗೊತ್ತಾಗಿದ್ದು.

ಹತ್ತಿರದಲ್ಲೇ ನ್ಯೂ ಇಂಡಿಯಾ ಅಶೂರೆನ್ಸ್ ಕಟ್ಟಡ, 1936ರದು. ಇದು ಬೇರೆ ಕಾಲ, ಆರ್ಟ್ ಡೆಕೊ ಎಂಬ ನೇರ ಗೆರೆಗಳ ಹೊಸ ಶೈಲಿ, ಕಾಂಕ್ರೀಟು. ಗೋಡೆಗೆ ಅಂಟಿದಂತೆ ಅಂತಸ್ತುಗಳ ಎತ್ತರಕ್ಕೆ ಮನುಷ್ಯರು ನಿಂತಿದ್ದಾರೆ. ದೇವರೂ ಅಲ್ಲ, ಗವರ್ನರೂ ಅಲ್ಲ. ದುಡಿಯುವ ಜನ. ಶಿಲ್ಪಿ ಎನ್.ಜಿ. ಪಾನ್ಸರೆ, ಅವರೂ ಜೆ.ಜೆ.ಯವರೇ. ನನಗೆ ಇಡೀ ಪ್ರವಾಸದಲ್ಲಿ ಜಾಸ್ತಿ ಹಿಡಿಸಿದ್ದು ಈ ಕಟ್ಟಡ. ವಿ.ಟಿ.ಯಲ್ಲಿ ಎಲೆಯ ಹಿಂದೆ ಅಡಗಿದ್ದವರು ಇಲ್ಲಿ ಮುಂದೆ ಬಂದು ನಿಂತ ಹಾಗಿತ್ತು.

ಸಂಜೆಗೆ ಓವಲ್ ಮೈದಾನ. ಹೈಕೋರ್ಟು, ವಿಶ್ವವಿದ್ಯಾಲಯ, ಹಳೆಯ ಸಚಿವಾಲಯ ಎಲ್ಲ ಸಾಲಾಗಿ ಪಡುವಣಕ್ಕೆ ಮುಖ ಮಾಡಿವೆ. ಕಟ್ಟಿದಾಗ ಅವುಗಳ ಮುಂದೆ ಸಮುದ್ರ ಹತ್ತಿರವಿತ್ತು. ಆಮೇಲೆ ಸಮುದ್ರ ತುಂಬಿಸಿ, ಆ ಹೊಸ ನೆಲದ ಮೇಲೆ 1930ರ ದಶಕದಲ್ಲಿ ಆರ್ಟ್ ಡೆಕೊ ಮನೆಗಳ ಸಾಲು ಎದ್ದಿತು. ಮೈದಾನದ ಆಚೆ ಒಂದು ಕಾಲ, ಈಚೆ ಇನ್ನೊಂದು ಕಾಲ, ನಡುವೆ ಹುಡುಗರ ಕ್ರಿಕೆಟ್ಟು. ಯುನೆಸ್ಕೊ 2018ರಲ್ಲಿ ಇವೆರಡನ್ನೂ ಒಟ್ಟಿಗೇ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಸಂಜೆ ಬಿಸಿಲು ಓರೆಯಾಗಿ ಬಿದ್ದಾಗ ವಿಶ್ವವಿದ್ಯಾಲಯದ ರಾಜಾಬಾಯಿ ಗೋಪುರದ ಮೇಲೆ ಕೆತ್ತಿದ ಮನುಷ್ಯರು ಒಬ್ಬೊಬ್ಬರಾಗಿ ಕಾಣತೊಡಗಿದರು. ಹತ್ತಿ ವ್ಯಾಪಾರಿ ಪ್ರೇಮಚಂದ್ ರಾಯ್‌ಚಂದ್ ತಾಯಿಯ ಹೆಸರಲ್ಲಿ ದುಡ್ಡು ಕೊಟ್ಟು ಕಟ್ಟಿಸಿದ್ದು. 1869ರಲ್ಲಿ ಅಡಿಗಲ್ಲು, 1878ರಲ್ಲಿ ಪೂರ್ತಿ, ಎತ್ತರ 280 ಅಡಿ. ನಕ್ಷೆ ಮಾಡಿದ ಗಿಲ್ಬರ್ಟ್ ಸ್ಕಾಟ್ ಲಂಡನ್ನಿನಲ್ಲಿ ಕೂತೇ ಬರೆದರು. ಭಾರತಕ್ಕೆ ಬರಲೇ ಇಲ್ಲ. ಗೋಪುರದ ಮೇಲೆ ಪಶ್ಚಿಮ ಭಾರತದ ಬೇರೆ ಬೇರೆ ಜಾತಿ, ಸಮುದಾಯದ 24 ಪ್ರತಿಮೆಗಳಿವೆ. ಅವನ್ನು ರೂಪಿಸಿದ್ದು ರಾವ್ ಬಹಾದ್ದೂರ್ ಮುಕುಂದ ರಾಮಚಂದ್ರ ಎಂಬ ಇಲ್ಲಿನ ಎಂಜಿನಿಯರ್. ಬೈನಾಕ್ಯುಲರಿನಲ್ಲಿ ನೋಡಿದರೆ ರುಮಾಲಿನ ಸುತ್ತು ಒಬ್ಬೊಬ್ಬರದು ಒಂದೊಂದು ಥರ. ಲಂಡನ್ನಿನಲ್ಲಿ ಕೂತು ಇದನ್ನು ಮಾಡಲು ಆಗುತ್ತಿತ್ತಾ? ಬೀದಿಯಲ್ಲಿ ಜನರನ್ನು ದಿನಾ ನೋಡಿದವರಿಗೇ ಇದು ಸಾಧ್ಯ. ಇಂಥ ಒಂದು ಹೆಸರು ದಾಖಲೆಯಲ್ಲಿ ಉಳಿದಿದೆ ಎಂಬುದೇ ಅಕ್ಕನಿಗೆ ದೊಡ್ಡ ಸಂತೋಷ. "ಒಂದ ಹೆಸರು ಸಿಕ್ಕರ ಮುಂದಿನ ಹತ್ತು ಹುಡುಕಲಿಕ್ಕೆ ಕಸುವು ಬರ್ತದ" ಎಂದರು.

ಮರುದಿನ ಬೈಕಲಾಕ್ಕೆ ಹೋದೆವು. ಭಾವು ದಾಜಿ ಲಾಡ್ ಮ್ಯೂಸಿಯಂ, ಪಕ್ಕದಲ್ಲೇ ರಾಣಿ ಬಾಗ್ ಎಂಬ ಉದ್ಯಾನ. ಬುಧವಾರ ರಜೆ, ಹೋಗುವವರು ನೋಡಿಕೊಂಡು ಹೋಗಿ. ಚೌಕಗಳಿಂದ ತೆಗೆದ ಹಳೆಯ ಪ್ರತಿಮೆಗಳಲ್ಲಿ ಕೆಲವು ಇಲ್ಲಿವೆ. 1965ರಲ್ಲಿ ಫೋರ್ಟಿನಿಂದ ಎತ್ತಿಸಿದ ಬ್ರಿಟಿಷ್ ದೊರೆ ಏಳನೇ ಎಡ್ವರ್ಡ್ ಸವಾರನಾಗಿ ಕೂತ ಕಂಚಿನ ಕುದುರೆ, ಅಂದರೆ ಅಸಲಿ ಕಾಲಾ ಘೋಡಾ, ಇಲ್ಲಿದೆ. ಆ ಕುದುರೆ ಹೋದರೂ ಬಡಾವಣೆಗೆ ಅದರ ಹೆಸರೇ ಉಳಿಯಿತು. 2017ರಲ್ಲಿ ಅಲ್ಲಿ ಸವಾರನಿಲ್ಲದ ಹೊಸ ಕುದುರೆ ನಿಲ್ಲಿಸಿದರು.

ಮ್ಯಾಥ್ಯೂ ನೋಬಲ್ ಕೆತ್ತಿದ ಬಿಳಿ ಅಮೃತಶಿಲೆಯ ವಿಕ್ಟೋರಿಯಾಳ ಪ್ರತಿಮೆಯೂ ಇಲ್ಲೇ ಇದೆ. ಅದು ಬರೋಡಾದ ಖಂಡೇರಾವ್ ಗಾಯಕ್ವಾಡ್ ಕೊಡಿಸಿದ್ದು, 1872ರದು. 1896ರಲ್ಲಿ ಪುಣೆಯ ಕ್ರಾಂತಿಕಾರಿಗಳಾದ ಚಾಪೇಕರ್ ಸಹೋದರರು ಅದಕ್ಕೆ ಡಾಂಬರು ಬಳಿದು ಚಪ್ಪಲಿ ಹಾರ ಹಾಕಿದ್ದರು. ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ ಥಾಮಸ್ ಬ್ರಾಕ್ ಮಾಡಿದ ವಿಕ್ಟೋರಿಯಾ 1906ರಿಂದ ನಿಂತ ಜಾಗದಲ್ಲೇ ಇದ್ದಾಳೆ. ಮುಂಬೈಯವಳು ಊರೊಳಗೆ ವಲಸೆ ಬಂದಳು. ಇವನ್ನು ಮತ್ತೆ ಚೌಕಕ್ಕೆ ಒಯ್ಯಬೇಕೆಂದು ನನಗನಿಸುವುದಿಲ್ಲ. ಆಳಿದವರ ಪ್ರತಿಮೆ ದಾರಿಯಲ್ಲಿ ಇರಲೇಬೇಕಾಗಿಲ್ಲ. ಆದರೆ ಇರುವಲ್ಲಿ ಒಂದು ಫಲಕ ಬೇಕು. ಯಾರದ್ದು, ಯಾರು ಕೆತ್ತಿದ್ದು, ಎಲ್ಲಿತ್ತು, ಯಾಕೆ ಬಂತು ಎಂದು ಮರಾಠಿಯಲ್ಲೂ ಇರಲಿ. ಮಕ್ಕಳು ಓದಿಕೊಳ್ಳಲಿ.

ಮ್ಯೂಸಿಯಂ ಅಂಗಳದಲ್ಲಿ ಒಂದು ಕಲ್ಲಿನ ಆನೆಯಿದೆ. ಘಾರಾಪುರಿ ದ್ವೀಪದ್ದು. ಎಲಿಫೆಂಟಾ ಎಂಬ ಹೆಸರು ಆ ದ್ವೀಪಕ್ಕೆ ಬಂದಿದ್ದೇ ಇದರಿಂದ. 1864ರಲ್ಲಿ ಇಂಗ್ಲೆಂಡಿಗೆ ಸಾಗಿಸಲು ಹೋಗಿ ಕ್ರೇನು ಮುರಿದು ಆನೆ ಚೂರಾಯಿತು. ಚೂರುಗಳನ್ನು ತಂದು 1914ರಲ್ಲಿ ಮತ್ತೆ ಜೋಡಿಸಿದರು. ಅಕ್ಕ ಅದರ ಸುತ್ತ ಒಂದು ಸುತ್ತು ಬಂದು, ಬೆಸೆದ ಗೆರೆಗಳನ್ನು ಹೊಟ್ಟೆಯ ಹತ್ತಿರ, ಕಾಲಿನ ಹತ್ತಿರ ತೋರಿಸಿ, ಯಾವುದು ಹಳೆಯ ಕಲ್ಲು, ಯಾವುದು ತೇಪೆ ಎಂದು ನನ್ನಿಂದಲೇ ಹೇಳಿಸಿದರು. ಮುಂದಿನ ಸಲ ಬಂದಾಗ ಹೈಕೋರ್ಟಿನ ಕಂಬಗಳ ಸರದಿ. ಅಲ್ಲಿ ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ತಕ್ಕಡಿ ಹಿಡಿದ ಕೋತಿಯೊಂದನ್ನು ಯಾರೋ ಕೆತ್ತಿಟ್ಟಿದ್ದಾರೆ. ಅದು ಯಾರ ಕೈ ಎಂದು ಅಕ್ಕ ಇನ್ನೂ ಹುಡುಕುತ್ತಿದ್ದಾರೆ.