ಇನ್ನೊಂದ್ಸಲ ನಡ್ಕೊಂಡು ಬಾರೋ

"ಇನ್ನೊಂದ್ಸಲ ಆ ಕಡೆಯಿಂದ ನಡ್ಕೊಂಡು ಬಾರೋ. ರೆಕ್ಕೆ ಪೂರ್ತಿ ಬಿಚ್ಚಿದ್ದು ಸಿಗ್ಲಿಲ್ಲ."

ಈ ವಾರ ಪೂರ್ತಿ ಈ ಮಾತು ಕಿವಿ ಬಿಟ್ಟು ಹೋಗಿಲ್ಲ. ಹೇಳಿದವರು ಹಕ್ಕಿಯ ಫೋಟೋ ತೆಗೆಯುವವರು, ನೀರಿಳಿದ ಕೆರೆಯಂಗಳದ ಗರಸಿನ ಮೇಲೆ ಬೋರಲಾಗಿ ಮಲಗಿದ್ದರು. 600 ಎಂಎಂ ಲೆನ್ಸು, ಅದು ಅಲುಗದಂತೆ ಅಡಿಗೊಂದು ಬೀನ್ ಬ್ಯಾಗು ಚೀಲ, ಮೈಮೇಲೆ ಮಣ್ಣಿನ ಬಣ್ಣದ ಅಂಗಿ. ಕೇಳಿಸಿಕೊಂಡ ಹುಡುಗ ತುಟಿ ಪಿಟಕ್ಕೆನ್ನದೆ ಐವತ್ತು ಹೆಜ್ಜೆ ಹಿಂದಕ್ಕೆ ಹೋಗಿ, ತಿರುಗಿ, ಮತ್ತೆ ನಡೆದು ಬಂದ. ಹಕ್ಕಿ ಮತ್ತೆ ಕುಂಟಿತು. 7:15ರಿಂದ 7:50ರೊಳಗೆ ಹೀಗೆ ಐದು ಸಲ.

ಹಕ್ಕಿ ಲಿಟಲ್ ರಿಂಗ್ಡ್ ಪ್ಲವರ್, ನೀರಂಚಿನ ಪುಟ್ಟ ಹಕ್ಕಿ. ತೂಕ 40 ಗ್ರಾಂ ಆಸುಪಾಸು. ಕತ್ತಿಗೆ ಕಪ್ಪು ಪಟ್ಟಿ, ಕಣ್ಣಿನ ಸುತ್ತ ಹಳದಿ ಬಳೆ. ಇದು ಕಡ್ಡಿ ತಂದು ಗೂಡು ಹೆಣೆಯುವ ಜಾತಿಯಲ್ಲ. ಗರಸಿಗೆ ಎದೆಯೊತ್ತಿ, ಕಾಲಿನಿಂದ ಕೆದರಿ, ಒಂದು ಸಣ್ಣ ಗುಳಿ ಮಾಡಿ ಸಾಮಾನ್ಯವಾಗಿ ನಾಲ್ಕು ಮೊಟ್ಟೆ ಇಡುತ್ತದೆ. ಮೊಟ್ಟೆಗಳ ಬಣ್ಣ, ಚುಕ್ಕಿ ಎಲ್ಲ ಸುತ್ತಲಿನ ಕಲ್ಲಿನದೇ. ಗಂಡು ಹೆಣ್ಣು ಸರದಿಯ ಮೇಲೆ ಸುಮಾರು 24–25 ದಿನ ಕಾವು ಕೊಡುತ್ತವೆ. "ಇಲ್ಲೆಲ್ಲೋ ಮೊಟ್ಟೆ ಇರಬೇಕು, ಹಿಂದಕ್ಕೆ ಬಂದುಬಿಡಿ" ಎಂದು ನಾನು ಅಂದದ್ದಕ್ಕೆ ಮಲಗಿದ್ದವರು ವ್ಯೂಫೈಂಡರ್‌ನಿಂದ ಕಣ್ಣು ತೆಗೆಯದೆ ಕೇಳಿದರು: "ಗೂಡೆಲ್ಲಿದೆ ಸಾರ್ ಇಲ್ಲಿ? ಬರೀ ಕಲ್ಲು."

ಅವರ ಮೇಲೆ ಸಿಟ್ಟು ಬಂದದ್ದು ನಿಜ, ಆದರೆ ಮನುಷ್ಯ ಉಡಾಫೆಯವರಲ್ಲ. ಬೆಳಕು ಹರಿಯುವ ಮೊದಲೇ ಬಂದಿದ್ದರು, ಹಕ್ಕಿಯ ಕಣ್ಣಿನ ಮಟ್ಟಕ್ಕೆ ಇಳಿದಿದ್ದರು, ಶಟರ್ ಸದ್ದು ನಿಲ್ಲಿಸಿದ್ದರು. ಕ್ಯಾಮೆರಾ ಬಲ್ಲವರು ಮಾಡುವುದನ್ನೆಲ್ಲ ಮಾಡಿದ್ದರು. ಬರೀ ಕಲ್ಲಿನಂತೆ ಕಾಣುವುದೇ ಆ ಗೂಡಿನ ಉಪಾಯ ಎಂಬುದೊಂದು ಅವರಿಗೆ ಗೊತ್ತಿರಲಿಲ್ಲ.

ಆ ಕುಂಟಾಟವನ್ನು ನಿಧಾನವಾಗಿ ನೋಡಬೇಕು. ಆಳು ಇನ್ನೂ ದೂರವಿರುವಾಗಲೇ ಹಕ್ಕಿ ಮೊಟ್ಟೆ ಬಿಟ್ಟು ಎದ್ದಿರುತ್ತದೆ. ಹಾರುವುದಿಲ್ಲ, ತಲೆ ತಗ್ಗಿಸಿ ಕಲ್ಲುಗಳ ನಡುವೆ ಸದ್ದಿಲ್ಲದೆ ಓಡುತ್ತದೆ. ಹಾಗೆ ಓಡಿ ಬೇರೊಂದು ಕಡೆ ಕಾಣಿಸಿಕೊಳ್ಳುತ್ತದೆ. ಆಳು ಇನ್ನೂ ಹತ್ತಿರ ಬಂದರೆ ಒಂದು ರೆಕ್ಕೆಯನ್ನು ನೆಲಕ್ಕೆ ಎಳೆಯುತ್ತದೆ, ಬಾಲದ ಗರಿ ಬೀಸಣಿಗೆಯಂತೆ ಹರಡುತ್ತದೆ, ಒಂದು ಮಗ್ಗುಲಿಗೆ ವಾಲಿ ತೆವಳುತ್ತದೆ, ಕಿರುಚುತ್ತದೆ. ನಡುನಡುವೆ ಕತ್ತು ಹೊರಳಿಸಿ ಹಿಂದಕ್ಕೆ ನೋಡುತ್ತದೆ. ಈ ಹಿಂತಿರುಗಿ ನೋಡುವುದನ್ನು ಹಿಡಿದುಕೊಳ್ಳಿ. ನೀವು ನಿಂತರೆ ಅದೂ ನಿಲ್ಲುತ್ತದೆ, ನೀವು ಬೆನ್ನು ಹಾಕಿದರೆ ಇನ್ನಷ್ಟು ಹತ್ತಿರ ಬಂದು ಇನ್ನಷ್ಟು ಜೋರಾಗಿ ಕುಂಟುತ್ತದೆ. ನಿಜವಾಗಿ ಗಾಯಗೊಂಡ ಹಕ್ಕಿ ತನ್ನ ನೋವನ್ನು ಹೀಗೆ ಮೆರೆಸುವುದಿಲ್ಲ, ಮರೆ ಹುಡುಕುತ್ತದೆ. ಗುಳಿಯಿಂದ ನಿಮ್ಮನ್ನು ಸಾಕಷ್ಟು ದೂರ ಎಳೆದುಕೊಂಡು ಹೋಗಿದ್ದೇನೆ ಅನ್ನಿಸಿದ ಮೇಲೆ ಅದೇ ಮುರಿದ ರೆಕ್ಕೆಯಲ್ಲಿ ಚೆಂದಕ್ಕೆ ಹಾರಿಹೋಗುತ್ತದೆ.

ಕುಂಟುವುದೊಂದೇ ಅಲ್ಲ, ಇನ್ನೊಂದು ಸೋಗೂ ಇದೆ. ಮೊಟ್ಟೆಯಿಲ್ಲದ ಜಾಗದಲ್ಲಿ ಗರಿ ಉಬ್ಬಿಸಿ, ಹೊಟ್ಟೆ ಅಲುಗಿಸಿ, ಕಾವಿಗೆ ಕೂತ ಹಾಗೆ ಕೂರುವುದು. ಇದಕ್ಕೆ ಮೋಸಹೋಗಿ 'ಕಾವಿಗೆ ಕುಳಿತ ತಾಯಿ' ಎಂದು ಶೀರ್ಷಿಕೆ ಕೊಟ್ಟ ಫೋಟೋಗಳು ಬೇಕಾದಷ್ಟಿವೆ. ತಾಯಿಯೇ ಆಗಿರಬೇಕೆಂದೂ ಇಲ್ಲ, ಗಂಡೂ ಇದನ್ನು ಮಾಡುತ್ತದೆ. ಅನುಮಾನ ಬಂದರೆ ಹತ್ತಿರ ಹೋಗಿ ಪರೀಕ್ಷಿಸಬೇಡಿ, ದೂರ ಹೋಗಿ ಕಾಯಿರಿ. ಸೋಗಿನ ಕೂರಾಟ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಅಪಾಯ ಕಳೆದ ಮೇಲೆ ಹಕ್ಕಿ ಹೋಗಿ ಕೂತು ಅಲ್ಲೇ ಉಳಿದ ಜಾಗವೇ ಗೂಡು.

ಮಲಗಿದ್ದವರು ಫ್ರೇಮ್‌ನಲ್ಲಿ ಹುಡುಕುತ್ತಿದ್ದ 'ವರ್ತನೆ' ಇದೇ. ವರ್ತನೆ ಹೌದು. ಯಾರನ್ನು ನೋಡಿ, ಯಾರಿಗಾಗಿ? ಎದುರಿಗೆ ನಡೆದು ಬರುತ್ತಿದ್ದ ಆ ಹುಡುಗನಿಗಾಗಿ.

ಕ್ಯಾರೊಲಿನ್ ರಿಸ್ಟಾವ್ ಎಂಬ ವಿಜ್ಞಾನಿ ಇದರ ನೆಂಟನಾದ ಪೈಪಿಂಗ್ ಪ್ಲವರ್‌ಗಳ ಕುಂಟಾಟವನ್ನು 1980ರ ದಶಕದಲ್ಲಿ ಪರೀಕ್ಷಿಸಿದ್ದರು. ಬೇರೆ ಬೇರೆ ಬಟ್ಟೆ ತೊಟ್ಟ ಆಳುಗಳಲ್ಲಿ ಒಬ್ಬರು ಗೂಡಿನ ಹತ್ತಿರ ಸುಳಿದಾಡಿ ಹೋಗಬೇಕು, ಇನ್ನೊಬ್ಬರು ದೂರದಿಂದಲೇ ಹಾದುಹೋಗಬೇಕು. ಆಮೇಲೆ ಅವರು ಮತ್ತೆ ಬಂದಾಗ, ಮೊದಲು ಹತ್ತಿರ ಸುಳಿದವರ ಮೇಲೆ ಹಕ್ಕಿಗಳಿಗೆ ಹೆಚ್ಚು ಕಣ್ಣು. ಅಂದರೆ ಆಳನ್ನು ಗುರುತಿಟ್ಟುಕೊಳ್ಳುತ್ತವೆ. ಐದು ಸಲ ನಡೆಸಿದ್ದರಿಂದ ನಮ್ಮ ಹುಡುಗನ ಹೆಸರು ಆ ಹಕ್ಕಿಯ ಕೆಟ್ಟವರ ಪಟ್ಟಿಗೆ ಸೇರಿರಬೇಕು. ಮಾಡಿಸಿದವರು ಹಾಯಾಗಿ ಮಲಗೇ ಇದ್ದರು.

ಆ 35 ನಿಮಿಷ ಮೊಟ್ಟೆಗಳು ಬಹುಪಾಲು ಬಯಲಿಗೆ ಬಿದ್ದಿದ್ದವು. ಹೊತ್ತು ಬೆಳಗಿನದಾದ್ದರಿಂದ ಬಚಾವು. ಭ್ರೂಣ ಸ್ವಲ್ಪ ಹೊತ್ತಿನ ತಂಪನ್ನು ತಡೆದುಕೊಳ್ಳುತ್ತದೆ, ಬಿಸಿಯನ್ನು ತಡೆಯುವುದಿಲ್ಲ. ಕಾವಿನ ಬಿಸಿ ಸುಮಾರು 36–38 ಡಿಗ್ರಿ. ಅದಕ್ಕಿಂತ ಕೆಲವೇ ಡಿಗ್ರಿ ಮೇಲೆ ಹೋಗಿ ನಿಂತರೆ ಮುಗಿಯಿತು. ಬಿಸಿಲೇರಿದ ಗರಸು ಆ ಗಡಿಯನ್ನು ಸುಲಭವಾಗಿ ದಾಟುತ್ತದೆ. ನೆಲದ ಮೇಲೆ ಮೊಟ್ಟೆಯಿಡುವ ಪ್ಲವರ್, ಟಿಟ್ಟಿಭಗಳು ಹೊಟ್ಟೆಯ ಗರಿ ನೀರಲ್ಲಿ ತೋಯಿಸಿಕೊಂಡು ಬಂದು ಮೊಟ್ಟೆಯ ಮೇಲೆ ಕೂರುವುದು ಇದಕ್ಕೇ. ನಡುಹಗಲಲ್ಲಿ ಅವು ಕೂತಿರುವುದು ಬೆಚ್ಚಗಿಡಲಿಕ್ಕಲ್ಲ, ನೆರಳು ಕೊಡಲಿಕ್ಕೆ. ಹನ್ನೊಂದು ಗಂಟೆಗೆ ಇದೇ ನಡೆದಾಟ ನಡೆದಿದ್ದರೆ ಲೆಕ್ಕ ಬೇರೆಯೇ ಆಗುತ್ತಿತ್ತು. ಏರಿಯ ಮೇಲೆ ಒಂದು ಕಾಗೆ ಬೇರೆ ಕೂತಿತ್ತು. ಮನುಷ್ಯರು ಎಲ್ಲಿ ಬಗ್ಗುತ್ತಾರೆ, ಹಕ್ಕಿ ಎಲ್ಲಿಂದ ಎದ್ದಿತು ಎಂದು ಗಮನಿಸಿ ಹುಡುಕಲು ಕಾಗೆಗೆ ಬೈನಾಕ್ಯುಲರ್ ಬೇಡ.

ಹಾಗಾದರೆ ಕುಂಟುವ ಪ್ಲವರ್‌ನ ಚಿತ್ರ ತೆಗೆಯಲೇಬಾರದೇ ಎಂದರೆ, ತೆಗೆಯಬಹುದು. ಗೊತ್ತಿಲ್ಲದೆ ಕಾಲಿಟ್ಟುಬಿಟ್ಟಿದ್ದೀರಿ, ಹಕ್ಕಿ ಕುಂಟತೊಡಗಿದೆ. ನಿಂತಲ್ಲೇ ನಿಂತು ಒಂದು ಬರ್ಸ್ಟ್ (ಒಂದೇ ಒತ್ತಿಗೆ ಸಾಲು ಫ್ರೇಮ್), ಎರಡು ಬರ್ಸ್ಟ್. ಆಮೇಲೆ ಬಂದ ಹೆಜ್ಜೆಯ ಮೇಲೆಯೇ, ನೆಲ ನೋಡಿಕೊಂಡು ಹಿಂದಕ್ಕೆ. ಹೊಸ ದಾರಿ ಹಿಡಿದರೆ ಮೊಟ್ಟೆ ತುಳಿಯುವುದು ಅಲ್ಲೇ. ಬಿಳಿ ಹೊಟ್ಟೆ ಬಿಸಿಲಿಗೆ ಬೆಳ್ಳಗೆ ಸುಟ್ಟುಹೋಗದಂತೆ ಎಕ್ಸ್‌ಪೋಷರ್, ಅಂದರೆ ಚಿತ್ರಕ್ಕೆ ಬೀಳುವ ಬೆಳಕು, ಅರ್ಧ ಸ್ಟಾಪ್ ಇಳಿಸಿಕೊಳ್ಳಿ. ಲೆನ್ಸಿನ ಕಿಂಡಿ ಎಫ್ 7.1 ಆದರೆ ಕಣ್ಣೂ ಚಾಚಿದ ರೆಕ್ಕೆಯೂ ಸುಮಾರಾಗಿ ಒಟ್ಟಿಗೆ ಫೋಕಸ್‌ನಲ್ಲಿರುತ್ತವೆ. ಶಟರ್ 1/2000 ಸೆಕೆಂಡು ಸಾಕು, ಐಎಸ್‌ಒ (ಬೆಳಕಿಗೆ ಸೆನ್ಸರ್‌ನ ಸೂಕ್ಷ್ಮತೆ) ಆಟೋ. ಫೋಕಸ್ ವಲಯ ಚಿಕ್ಕದಿರಲಿ. ದೊಡ್ಡದಿಟ್ಟರೆ ಕ್ಯಾಮೆರಾ ಹಕ್ಕಿ ಬಿಟ್ಟು ಮುಂದಿನ ಕಲ್ಲನ್ನು ಹಿಡಿದುಕೊಳ್ಳುತ್ತದೆ. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಒಳ್ಳೆಯದೇ, ಆದರೆ ಸೆನ್ಸರ್ ನಿಧಾನವಾಗಿ ಓದುವ ಕ್ಯಾಮೆರಾದಲ್ಲಿ ಬಡಿಯುವ ರೆಕ್ಕೆ ರಬ್ಬರಿನಂತೆ ಬಾಗಿ ಬರುತ್ತದೆ. ಇನ್ನೊಂದು, ನೆಲಕ್ಕಂಟಿ ತೆಗೆಯುವವರ ಮಾಮೂಲಿ ಗೋಳು: ಬಿಸಿಲು ಬಂದು ಒಂದೆರಡು ಗಂಟೆಯಲ್ಲಿ ನೆಲದಿಂದ ಬಿಸಿಗಾಳಿಯ ಅಲೆ ಏಳುತ್ತದೆ, ಎಲ್ಲ ಫ್ರೇಮೂ ಮಸುಕು. ಬೈಸಿಕೊಳ್ಳುವುದು ಲೆನ್ಸು. ಅದನ್ನು ರಿಪೇರಿಗೆ ಕೊಟ್ಟು ಪ್ರಯೋಜನವಿಲ್ಲ, ನೀವು ಬೇಗ ಬರಬೇಕು.

ನನ್ನನ್ನು ಕೇಳಿದರೆ ಆ ಹಕ್ಕಿ ಕುಂಟಾಟಕ್ಕಿಂತ ಚೆಂದದ್ದೊಂದನ್ನು ಮಾಡುತ್ತದೆ, ಅದಕ್ಕೆ ಯಾರೂ ನಡೆದು ಬರಬೇಕಾಗಿಲ್ಲ. ಒದ್ದೆ ಕೆಸರಿನಲ್ಲಿ ಮೇಯುವಾಗ ಓಡುತ್ತದೆ, ತಟ್ಟನೆ ನಿಲ್ಲುತ್ತದೆ, ಕುಕ್ಕುತ್ತದೆ. ನಿಂತಾಗ ಒಮ್ಮೊಮ್ಮೆ ಒಂದು ಕಾಲನ್ನು ಮುಂದೆ ಚಾಚಿ ಕೆಸರಿನ ಮೇಲೆ ಗಡಗಡ ನಡುಗಿಸುತ್ತದೆ. ಅಡಗಿದ್ದ ಹುಳ ಅಲುಗಿದರೆ ಸಿಕ್ಕಿತು. ಇದನ್ನು 1/2000ದಲ್ಲಿ ಹೊಡೆದರೆ ಕಾಲೆತ್ತಿ ನಿಂತ ಹಕ್ಕಿಯ ಒಂದು ಸಪ್ಪೆ ಚಿತ್ರ ಸಿಗುತ್ತದೆ, ನಡುಕ ಸತ್ತುಹೋಗಿರುತ್ತದೆ. ಶಟರನ್ನು 1/60ಕ್ಕೆ ಇಳಿಸಿ, ಲೆನ್ಸನ್ನು ಬೀನ್ ಬ್ಯಾಗಿಗೆ ಒತ್ತಿ, ಇಪ್ಪತ್ತು ಮೂವತ್ತು ಫ್ರೇಮ್ ತೆಗೆಯಿರಿ. ಒಂದೆರಡರಲ್ಲಿ ಕಣ್ಣು ಕಲ್ಲಿನಂತೆ ಸ್ಥಿರ, ಕಾಲಿನ ಬೆರಳು ಮಂಜು. ಉಳಿದದ್ದು ಅಳಿಸಲಿಕ್ಕೆ. ವಿಡಿಯೋ ಆದರೆ ಇನ್ನೂ ಸುಲಭ. ಅತಿ ವೇಗದ ಶಟರ್ ಇದ್ದಷ್ಟೂ ಒಳ್ಳೆಯದು ಎಂದು ಕಲಿಸಿದವರು ಯಾರೋ, ವರ್ತನೆಯ ಮಟ್ಟಿಗೆ ಅದು ಅರ್ಧ ಸುಳ್ಳು.

ಇದು ಸಿಗಬೇಕಾದರೆ ಹಕ್ಕಿ ನಿಮ್ಮನ್ನು ಮರೆತಿರಬೇಕು. ಪ್ರತಿ ಪ್ರಾಣಿಗೂ ಎರಡು ಗೆರೆ. ಮೊದಲನೆಯದು ತಲೆಯೆತ್ತಿ ನಿಮ್ಮನ್ನು ನೋಡುವ ದೂರ, ಎರಡನೆಯದು ಎದ್ದು ಓಡುವ ದೂರ. ಫೋಟೋ ತೆಗೆಯುವವರಿಗೆ ಎರಡನೆಯದು ಚೆನ್ನಾಗಿ ಗೊತ್ತು, ಅದರ ಅಂಚಿನವರೆಗೂ ತೆವಳುತ್ತಾರೆ. ನಿಲ್ಲಬೇಕಾದದ್ದು ಮೊದಲನೆಯದರ ಆಚೆ. ಪ್ಲವರ್ ಮೇಯುವುದು ಬಿಟ್ಟು, ನೆಟ್ಟಗೆ ನಿಂತು, ತಲೆಯನ್ನು ಬಿಕ್ಕಳಿಕೆ ಬಂದ ಹಾಗೆ ಮೇಲೆ ಕೆಳಗೆ ಎಳೆದರೆ ಆ ಗೆರೆ ದಾಟಿಯಾಯಿತು. ಹಿಂದಕ್ಕೆ ಹೋಗಿ ಇಪ್ಪತ್ತು ನಿಮಿಷ ಸುಮ್ಮನೆ ಕೂರಿ. ಆ ಇಪ್ಪತ್ತು ನಿಮಿಷದ ಚಿತ್ರಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಜೀನ್ ಆಲ್ಟ್‌ಮನ್ ಎಂಬ ವಿಜ್ಞಾನಿ 1974ರಲ್ಲಿ ಒಂದು ಪ್ರಬಂಧ ಬರೆದರು. ಪ್ರಾಣಿಗಳ ವರ್ತನೆಯನ್ನು ದಾಖಲಿಸುವ ವಿಧಾನಗಳನ್ನು ಒಂದೊಂದಾಗಿ ಜಾಲಿಸಿ ನೋಡಿದ ಪ್ರಬಂಧ ಅದು. ಕಣ್ಣಿಗೆ ಬಿದ್ದದ್ದನ್ನು ಬಿದ್ದ ಹಾಗೆ ಬರೆದುಕೊಂಡರೆ ಎದ್ದು ಕಾಣುವ ಜಗಳ, ಗದ್ದಲ ಮಾತ್ರ ಪುಸ್ತಕ ಸೇರುತ್ತವೆ, ಸದ್ದಿಲ್ಲದ್ದು ತಪ್ಪಿಹೋಗುತ್ತದೆ. ಬದಲಿಗೆ ಒಂದೇ ಪ್ರಾಣಿಯನ್ನು ಆರಿಸಿಕೊಂಡು, ಹತ್ತು ನಿಮಿಷ ಎಂದು ಮೊದಲೇ ಗೊತ್ತುಮಾಡಿ, ಅದು ಮಾಡಿದ್ದೆಲ್ಲವನ್ನೂ ಬರೆಯಬೇಕು. ಏನೂ ಮಾಡದೆ ಕೂತಿದ್ದರೆ 'ಕೂತಿದೆ' ಎಂದೇ. ಗುಂಪಾದರೆ ಎರಡು ನಿಮಿಷಕ್ಕೊಮ್ಮೆ ಎಲ್ಲವನ್ನೂ ಒಂದು ಸುತ್ತು ನೋಡಿ ಯಾವುದು ಏನು ಮಾಡುತ್ತಿದೆ ಎಂದು ಗುರುತು ಹಾಕಬೇಕು. ಕ್ಯಾಮೆರಾ ಹುಟ್ಟಾ ಮೊದಲನೆಯ ಜಾತಿಯದು. ರೆಕ್ಕೆ ಬಿಚ್ಚಿದಾಗಲೇ ಬೆರಳು ಒತ್ತುತ್ತದೆ. ಅದಕ್ಕೇ ನಮ್ಮ ಕಾರ್ಡುಗಳ ತುಂಬ ಹಾರಾಟ, ಕಾದಾಟ. ದಿನದ ಬಹುಪಾಲು ಸುಮ್ಮನೆ ಕೂತ ಹಕ್ಕಿ ಎಲ್ಲೂ ಇಲ್ಲ. ಕ್ಯಾಮೆರಾದ ಗಡಿಯಾರವನ್ನು ಕೈಗಡಿಯಾರಕ್ಕೆ ಹೊಂದಿಸಿಟ್ಟುಕೊಂಡು, ಪಕ್ಕದಲ್ಲೊಂದು ಪುಟ್ಟ ಪುಸ್ತಕ ಇಟ್ಟರೆ ಸಾಕು. ಆಮೇಲೆ ಯಾವ ಫ್ರೇಮಿನ ಹಿಂದೆ ಮುಂದೆ ಏನಾಯಿತು ಎಂದು ತಾಳೆ ನೋಡಬಹುದು.

ಹಿಂದುಮುಂದು ಇಲ್ಲದ ಫ್ರೇಮ್ ಏನು ಬೇಕಾದರೂ ಹೇಳುತ್ತದೆ. ಬಾಯಿ ತೆರೆದ ಗಂಡು ಕೋತಿಯ ಚಿತ್ರಕ್ಕೆ 'ನಿದ್ದೆ ಬಂತು' ಎಂದು ಬರೆಯುತ್ತಾರೆ. ಅದು ಕೋರೆಹಲ್ಲು ತೋರಿಸಿ ಬೆದರಿಸುತ್ತಿರಬಹುದು. ಚಿಂಪಾಂಜಿ ಹಲ್ಲು ಕಿರಿದರೆ 'ನಗು'. ಬಹಳ ಸಲ ಅದು ಅಂಜಿಕೆ. ಮಲಗಿದ್ದವರ ಚಿತ್ರಕ್ಕೆ 'ನರ್ತನ' ಎಂದು ಹೆಸರು ಬೀಳುತ್ತದೆ ಎಂದು ಅವತ್ತೇ ಅನ್ನಿಸಿತ್ತು.

ಐದನೆಯ ಸಲ ಬಿಚ್ಚಿದ ರೆಕ್ಕೆ ಸಿಕ್ಕಿತು. ಎದ್ದು ಕೂತು ಕ್ಯಾಮೆರಾದ ಹಿಂಬದಿ ತೋರಿಸಿದರು. ಗರಿ ಗರಿಯೂ ಬಿಡಿಸಿಟ್ಟ ಹಾಗೆ. ಹಳದಿ ಬಳೆಯೊಳಗೆ ಸೂರ್ಯನ ಚುಕ್ಕಿ. ಚಿತ್ರ ಚೆನ್ನಾಗಿರಲಿಲ್ಲ ಎಂದು ಹೇಳಿಬಿಟ್ಟರೆ ಸುಲಭವಿತ್ತು, ಆದರೆ ಚೆನ್ನಾಗಿತ್ತು. ಹಕ್ಕಿಯ ಕಣ್ಣು ಮಾತ್ರ ಲೆನ್ಸಿನ ಕಡೆಗಿರಲಿಲ್ಲ, ಚೌಕಟ್ಟಿನಾಚೆ ಎಡಕ್ಕೆ ನೋಡುತ್ತಿತ್ತು. ಎಡಕ್ಕೆ ಇದ್ದದ್ದು ಹುಡುಗ.

ಅವನೂ ಇಣುಕಿ ನೋಡಿದ. "ಪೆಟ್ಟಾಗಿದೆಯಾ ಅದಕ್ಕೆ?" ಅಂದ. ಬೆಳಗಿನಿಂದ ಅಲ್ಲಿ ಕೇಳಿದ ಒಳ್ಳೆಯ ಪ್ರಶ್ನೆ ಅದೊಂದೇ. ಅದು ಸೋಗು ಎಂದು ನಾನು ಹೇಳಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನು ಬಂದಿದ್ದಕ್ಕೇ ಹಂಗಾಡ್ತಿತ್ತಾ?" ಅಂದ.

ಗಾಡಿ ನಿಲ್ಲಿಸಿದ್ದ ಕಡೆಗೆ ಮಲಗಿದ್ದವರು ಗರಸಿನ ಮೇಲೆ ನೇರ ಹೊರಟರು. ಹುಡುಗ ಅವರ ತೋಳು ಹಿಡಿದು ನಿಲ್ಲಿಸಿದ, ಇಬ್ಬರೂ ಏರಿ ಹತ್ತಿ ಬಳಸಿಕೊಂಡು ಹೋದರು. ಹಕ್ಕಿ ಓಡಿತು, ನಿಂತಿತು, ತಲೆ ಎಳೆಯಿತು, ಮತ್ತೆ ಓಡಿತು. ಎರಡು ಸಲ ಸುಳ್ಳು ಜಾಗದಲ್ಲಿ ಕೂತೆದ್ದಿತು. 8:04ಕ್ಕೆ ಒಂದು ಬೋಳು ಜಾಗದಲ್ಲಿ ನಿಂತು, ಹೊಟ್ಟೆಯ ಗರಿ ಬಿಡಿಸಿ, ಕಾಲ ನಡುವೆ ಕೊಕ್ಕು ಹಾಕಿ ಏನನ್ನೋ ಹೊರಳಿಸಿ ಕೂತಿತು. 8:30ಕ್ಕೂ ಅಲ್ಲೇ ಇತ್ತು.