ಕಾಲೇಜಿನ ಕಾಲಂ ಮುಚ್ಚಿಟ್ಟ ದಿನ

ಹೊಸಬರ ಆರು ತಿಂಗಳ ಪ್ರೊಬೇಷನ್ ಮುಗಿಯುವ ವಾರದಲ್ಲಿ ಒಂದು ಇಡೀ ದಿನ ರೇಟಿಂಗ್ ಮೀಟಿಂಗಿಗೇ ಹೋಗುತ್ತದೆ. ಹನ್ನೆರಡು ಜನ ಹೊಸಬರು, ನಾಲ್ವರು ಟೀಮ್ ಲೀಡ್‌ಗಳು, ಎಚ್‌ಆರ್‌ನಿಂದ ಒಬ್ಬರು, ಪರದೆಯ ಮೇಲೊಂದು ಸ್ಪ್ರೆಡ್‌ಶೀಟ್. ಬೆಳಿಗ್ಗೆ ಶೀಟು ತೆರೆದ ಕೂಡಲೇ ಮಾಡಬೇಕಾದದ್ದು ಮೂರು ಕಾಲಂ ತೆಗೆಯುವ ಕೆಲಸ: ಕಾಲೇಜು, ಪದವಿಯ ಅಂಕ, ಇಂಟರ್‌ವ್ಯೂ ಸ್ಕೋರು. ‘ಹೈಡ್’ ಮಾಡಿದರೆ ಸಾಲದು, ಯಾರಾದರೊಬ್ಬರು ‘ಅನ್‌ಹೈಡ್’ ಮಾಡಿಯೇ ಮಾಡುತ್ತಾರೆ. ಮೂರನ್ನೂ ಬೇರೆ ಫೈಲಿಗೆ ಸರಿಸಿ ಎಚ್‌ಆರ್ ಕೈಗೆ ಕೊಟ್ಟುಬಿಡಬೇಕು.

ಲೀಡ್‌ಗಳಿಗೆ ಹೇಗೂ ಗೊತ್ತಿರುತ್ತದಲ್ಲ, ಮುಚ್ಚಿಟ್ಟು ಏನು ಬಂತು ಎಂಬ ಮಾತು ಪ್ರತಿ ಸಲ ಏಳುತ್ತದೆ. ಗೊತ್ತಿರುತ್ತದೆ, ಆದರೆ ತಂತಮ್ಮ ಟೀಮಿನ ಮೂವರದು ಮಾತ್ರ. ಉಳಿದ ಒಂಬತ್ತು ಜನರ ವಿಷಯಕ್ಕೆ ಬಂದಾಗ ಹೆಸರಿನ ಪಕ್ಕ ಕಾಲೇಜು ಕಾಣದಿದ್ದರೆ ಪ್ರಶ್ನೆಯ ಧಾಟಿಯೇ ಬೇರೆಯಾಗುತ್ತದೆ. “ಅಂಥ ಕಾಲೇಜಿನಿಂದ ಬಂದು ಇಷ್ಟೇನಾ?” ಎನ್ನುವ ಬಾಯಲ್ಲಿ “ಏನು ಮಾಡಿದ, ತೋರಿಸಿ” ಎಂದು ಬರುತ್ತದೆ.

ಆಮೇಲೆ ಒಂದು ಗಂಟೆ ಯಾರೂ ಮಾತಾಡುವ ಹಾಗಿಲ್ಲ. ಪ್ರತಿ ಹೊಸಬರದೂ ಎರಡೆರಡು ಕೆಲಸ ಶೀಟಿನಲ್ಲಿರುತ್ತವೆ: ಒಂದು ಎರಡನೇ ತಿಂಗಳಿನದು, ಇನ್ನೊಂದು ಐದನೆಯದು. ಲೀಡ್‌ಗಳು ಅವನ್ನು ನೋಡಿ ನಾಲ್ಕು ವಿಷಯಕ್ಕೆ ಒಂದರಿಂದ ಐದರವರೆಗೆ ಅಂಕ ಹಾಕುತ್ತಾರೆ: ಕೆಲಸ ಸರಿಯಾಗಿದೆಯೇ, ಎಷ್ಟು ಸಲ ವಾಪಸ್ ಬಂತು, ಸಿಕ್ಕಿಕೊಂಡಾಗ ಎಷ್ಟು ಹೊತ್ತಿಗೆ ಕೇಳಿದರು, ಬರೆದಿಟ್ಟ ಟಿಪ್ಪಣಿ ಮೂರನೆಯವರಿಗೆ ಅರ್ಥವಾಗುತ್ತದೆಯೇ. ಎಲ್ಲರೂ ಬರೆದ ಮೇಲೆಯೇ ಅಂಕಗಳು ಬಯಲಿಗೆ ಬರಬೇಕು. ಮೊದಲೇ ಮಾತು ಶುರುವಾದರೆ ಹಿರಿಯ ಲೀಡ್ ಹೇಳಿದ ಅಂಕದ ಸುತ್ತಲೇ ಉಳಿದವರ ಅಂಕವೂ ಸುತ್ತುತ್ತದೆ. ಎರಡು ಅಥವಾ ಹೆಚ್ಚು ಅಂಕಗಳ ಅಂತರ ಇದ್ದಲ್ಲಿ ಮಾತ್ರ ಚರ್ಚೆ. ಒಂದಂಕದ ಅಂತರಕ್ಕೆ ಜಗಳವಾಡುತ್ತ ಕೂತರೆ ಹನ್ನೆರಡು ಜನರದು ಎರಡು ದಿನವಾದರೂ ಮುಗಿಯದು.

ಚರ್ಚೆ ಹೆಚ್ಚಾಗಿ ಏಳುವುದು ತೀರ ಸಣ್ಣ ಕೆಲಸಗಳ ಮೇಲೆ. ಎರಡು ಕಡೆಯಿಂದ ಬಂದ ಪಟ್ಟಿಗಳನ್ನು ದಿನಾಂಕ ನೋಡಿ ಒಂದುಗೂಡಿಸುವ ಕೆಲಸವನ್ನೇ ತೆಗೆದುಕೊಳ್ಳಿ. ಒಂದು ಪಟ್ಟಿಯಲ್ಲಿ ದಿನ ಮೊದಲು, ಇನ್ನೊಂದರಲ್ಲಿ ತಿಂಗಳು ಮೊದಲು. ಎರಡನೆಯದನ್ನು ದಿನ ಮೊದಲೆಂದು ಓದಿಕೊಳ್ಳುವ ಸ್ಪ್ರೆಡ್‌ಶೀಟ್‌ಗೆ ಹಾಕಿದರೆ 13ರಿಂದ 31ನೇ ತಾರೀಖಿನವು ದಿನಾಂಕವಾಗದೆ ಬರೀ ಅಕ್ಷರಗಳಾಗಿ ನಿಲ್ಲುತ್ತವೆ, ಏಕೆಂದರೆ ಹದಿಮೂರನೇ ತಿಂಗಳಿಲ್ಲ. ಅವು ಕಣ್ಣಿಗೆ ಬೀಳುತ್ತವೆ. 1ರಿಂದ 12ರವರೆಗಿನವು ಸದ್ದಿಲ್ಲದೆ ತಿರುಗಿಕೊಳ್ಳುತ್ತವೆ: ಮಾರ್ಚ್ 4 ಹೋಗಿ ಏಪ್ರಿಲ್ 3 ಆಗಿರುತ್ತದೆ, ಎಲ್ಲೂ ಕೆಂಪು ಗುರುತಿಲ್ಲ. ಹೊಸಬರಲ್ಲಿ ಹೆಚ್ಚಿನವರು ಕಂಡದ್ದನ್ನು ಕೈಯಲ್ಲಿ ತಿದ್ದಿ ‘ಮುಗಿಯಿತು’ ಎಂದು ಕಳಿಸುತ್ತಾರೆ. ಅಪರೂಪಕ್ಕೊಬ್ಬರು ತಿದ್ದುವುದನ್ನು ನಿಲ್ಲಿಸಿ, “ಹನ್ನೆರಡರ ಮೇಲಿನವು ಮಾತ್ರ ಏಕೆ ಕೆಟ್ಟವು? ಹಾಗಿದ್ದರೆ ಕೆಳಗಿನವು ನಿಜವಾಗಿ ಸರಿ ಇವೆಯೇ?” ಎಂದು ಬರೆದು ಕೇಳುತ್ತಾರೆ. ಆ ಪ್ರಶ್ನೆಗೆ ಐದಕ್ಕೆ ಐದು.

ಈ ಅನುಮಾನ ಕಾಲೇಜಿನ ಪಾಠದಿಂದ ಬರುವುದು ಕಡಿಮೆ. ಓದುವಾಗಲೇ ಎಲ್ಲೋ ಲೆಕ್ಕ ಬರೆದವರು, ಕಾಲೇಜು ಉತ್ಸವದ ನೋಂದಣಿ ಪಟ್ಟಿ ಹೊತ್ತು ಬೈಸಿಕೊಂಡವರು, ಒಟ್ಟಿನಲ್ಲಿ ತಮ್ಮ ತಪ್ಪಿಗೆ ಬೇರೆಯವರು ತೊಂದರೆಪಟ್ಟಿದ್ದನ್ನು ಒಮ್ಮೆ ಕಂಡವರಿಗೆ ಅದು ಬೇಗ ಹತ್ತುತ್ತದೆ. ಪರೀಕ್ಷೆಯ ತಪ್ಪು ಅಂಕ ಕಳೆಯುತ್ತದೆ, ಅಷ್ಟೇ. ಅದರಿಂದ ಇನ್ನೊಬ್ಬರ ಕೆಲಸ ನಿಲ್ಲುವುದಿಲ್ಲ.

ಹಾಗಾದರೆ ಕಾಲೇಜಿನಿಂದ ಏನೂ ಬರುವುದಿಲ್ಲವೇ? ಬರುತ್ತದೆ, ಅದು ಎರಡನೇ ತಿಂಗಳ ಕೆಲಸದಲ್ಲಿ ಚೆನ್ನಾಗಿ ಕಾಣುತ್ತದೆ. ಒಳ್ಳೆಯ ಲ್ಯಾಬು, ಕಟ್ಟುನಿಟ್ಟಿನ ಪ್ರಾಜೆಕ್ಟ್ ಇದ್ದ ಕಡೆಯಿಂದ ಬಂದವರಿಗೆ ಉಪಕರಣ ಗೊತ್ತು, ಪರಿಭಾಷೆ ಗೊತ್ತು, ಮೀಟಿಂಗಿನಲ್ಲಿ ಅಂಜಿಕೆಯಿಲ್ಲ. ಐದನೇ ತಿಂಗಳ ಕೆಲಸ ನೋಡುವ ಹೊತ್ತಿಗೆ ಆ ಮುನ್ನಡೆ ಬಹುಪಾಲು ಕರಗಿರುತ್ತದೆ. ಎರಡು ಕೆಲಸಗಳನ್ನು ಅಕ್ಕಪಕ್ಕ ಇಡುವುದು ಇದಕ್ಕೇ. ಒಂದನ್ನೇ ನೋಡಿದರೆ ಮೊದಲೇ ಕಲಿತು ಬಂದವರಿಗೂ ಬೇಗ ಕಲಿಯುವವರಿಗೂ ವ್ಯತ್ಯಾಸ ತಿಳಿಯುವುದಿಲ್ಲ.

ಸಂಜೆ ನಾಲ್ಕರ ಹೊತ್ತಿಗೆ ಅಂಕಗಳಿಗೆ ಬೀಗ ಬೀಳುತ್ತದೆ. ಇನ್ನು ತಿದ್ದುವಂತಿಲ್ಲ. ಆಗ ಎಚ್‌ಆರ್ ಆ ಇನ್ನೊಂದು ಫೈಲು ತೆರೆದು ಕಾಲೇಜಿನ ಕಾಲಂ ಅಂಟಿಸುತ್ತಾರೆ. ದೊಡ್ಡ ಹೆಸರಿನ ಕಾಲೇಜಿನವರು ಮೇಲೂ ಇರುತ್ತಾರೆ, ನಡುವೆಯೂ ಇರುತ್ತಾರೆ, ಕೊನೆಯ ಸಾಲಿನಲ್ಲೂ ಸಿಗುತ್ತಾರೆ. ಕೂಡಲೇ ಯಾರಾದರೂ “ನೋಡಿದಿರಾ, ಕಾಲೇಜಿಗೂ ಕೆಲಸಕ್ಕೂ ಸಂಬಂಧವೇ ಇಲ್ಲ” ಎನ್ನುತ್ತಾರೆ. ಇದೂ ಅವಸರದ ಮಾತೇ. ಹನ್ನೆರಡು ಜನರಲ್ಲಿ ಒಂದು ಕಾಲೇಜಿನವರು ಮೂವರಿದ್ದರೆ, ಒಬ್ಬರ ಕೆಟ್ಟ ತಿಂಗಳು ಮೂವರ ಸರಾಸರಿಯನ್ನೂ ಎಳೆದುಹಾಕುತ್ತದೆ.

ಅದಕ್ಕಿಂತ ದೊಡ್ಡ ತೊಡಕು ಜರಡಿಯದು. ಕೆಲಸಕ್ಕೆ ಆರಿಸುವಾಗ ದೊಡ್ಡ ಕಾಲೇಜಿನವರಿಗೆ ಹೆಸರಿನ ಬಲವಿರುತ್ತದೆ, ಇಂಟರ್‌ವ್ಯೂ ಸಾಧಾರಣವಾದರೂ ದಾಟಿಬಿಡುತ್ತಾರೆ. ಹೆಸರಿಲ್ಲದ ಕಾಲೇಜಿನವರು ಒಳಗೆ ಬರಬೇಕಾದರೆ ಬೇರೇನಾದರೂ ಎದ್ದು ಕಾಣಲೇಬೇಕು. ಹೀಗೆ ಸೋಸಿ ಉಳಿದವರನ್ನಷ್ಟೇ ಹೋಲಿಸಿದರೆ ಕಾಲೇಜಿನ ಪ್ರಭಾವ ಇರುವುದಕ್ಕಿಂತ ಚಿಕ್ಕದಾಗಿ ಕಾಣುತ್ತದೆ, ಕೆಲವೊಮ್ಮೆ ತಲೆಕೆಳಗಾಗಿಯೂ ಕಾಣುತ್ತದೆ. ಜರಡಿಯಲ್ಲಿ ನಿಲ್ಲದೆ ಹೋದವರ ಕೆಲಸ ನಮ್ಮ ಶೀಟಿನಲ್ಲಿಲ್ಲವಲ್ಲ.

ಸಂಶೋಧಕರೂ ಇಲ್ಲೇ ಎಡವಿ ತಿದ್ದಿಕೊಂಡಿದ್ದಾರೆ. 1998ರಲ್ಲಿ ಫ್ರ್ಯಾಂಕ್ ಶ್ಮಿಟ್ ಮತ್ತು ಜಾನ್ ಹಂಟರ್ 85 ವರ್ಷಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ, ಕೆಲಸದ ಮಾದರಿ ಮಾಡಿಸಿ ನೋಡುವುದಕ್ಕೂ ಮುಂದಿನ ಸಾಧನೆಗೂ 0.54ರಷ್ಟು, ಓದಿದ ವರ್ಷಗಳಿಗೂ ಸಾಧನೆಗೂ ಬರೀ 0.10ರಷ್ಟು ಸಹಸಂಬಂಧ ಇದೆ ಎಂದಿದ್ದರು; ಈ ಅಳತೆಯಲ್ಲಿ ಸೊನ್ನೆ ಎಂದರೆ ನಂಟೇ ಇಲ್ಲ, ಒಂದು ಎಂದರೆ ಪೂರ್ತಿ ನಂಟು. (ಓದಿದ ವರ್ಷ ಬೇರೆ, ಕಾಲೇಜಿನ ಹೆಸರು ಬೇರೆ, ಎರಡನ್ನೂ ಒಂದೇ ಮಾಡಿ ಉದ್ಧರಿಸುವವರು ಬಹಳ.) 2022ರಲ್ಲಿ ಪಾಲ್ ಸ್ಯಾಕೆಟ್ ಮತ್ತು ಸಂಗಡಿಗರು ಜರಡಿಯ ಪರಿಣಾಮಕ್ಕೆಂದು ಹಿಂದಿನ ಲೆಕ್ಕಗಳಲ್ಲಿ ಮಾಡಿದ್ದ ತಿದ್ದುಪಡಿಯೇ ಅತಿಯಾಗಿತ್ತು ಎಂದು ಹೇಳಿ ಲೆಕ್ಕ ಮರುಪರಿಶೀಲಿಸಿದಾಗ ಕೆಲಸದ ಮಾದರಿ 0.33ಕ್ಕೆ ಇಳಿಯಿತು; ಎಲ್ಲರಿಗೂ ಒಂದೇ ಪ್ರಶ್ನೆ ಕೇಳಿ ಒಂದೇ ಅಳತೆಯಲ್ಲಿ ಅಂಕ ಕೊಡುವ ಇಂಟರ್‌ವ್ಯೂ 0.42ರೊಂದಿಗೆ ಮೇಲೆ ಬಂತು. 0.42 ಎಂದರೂ, ಅದನ್ನು ಅದರಿಂದಲೇ ಗುಣಿಸಿದರೆ ಸಿಗುವುದು 0.18ರಷ್ಟು, ಅಂದರೆ ಜನರ ನಡುವಿನ ವ್ಯತ್ಯಾಸದಲ್ಲಿ ಐದನೇ ಒಂದು ಭಾಗವೂ ಅದರಿಂದ ವಿವರವಾಗುವುದಿಲ್ಲ.

ದಿನದ ಕೊನೆಯ ಅರ್ಧ ಗಂಟೆಯಲ್ಲಿ ತೆರೆಯುವ ಹಾಳೆ ನಮ್ಮ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯ, ಸಾಮಾನ್ಯವಾಗಿ ಕೈಬಿಟ್ಟುಹೋಗುವುದೂ ಅದೇ: ಯಾರಿಗೆ ಯಾವ ಕೆಲಸ ಸಿಕ್ಕಿತ್ತು ಎಂಬ ಪಟ್ಟಿ. ಪ್ರತಿಯೊಬ್ಬರ ಮೊದಲ ಮೂರು ಕೆಲಸಗಳನ್ನು ಕಾಲೇಜಿನ ಪಕ್ಕದಲ್ಲಿಟ್ಟು ಓದಬೇಕು. ಒಂದು ಕಡೆ ಗ್ರಾಹಕರ ಮುಂದೆ ಹೋಗುವ ವರದಿ, ಹೊಸ ಮಾಡ್ಯೂಲು, ಹಿರಿಯರ ಜೊತೆ ಕೂತು ಮಾಡುವ ಕೆಲಸ. ಇನ್ನೊಂದು ಕಡೆ ಹಳೆಯ ದಾಖಲೆ ಶುಚಿಮಾಡುವುದು, ಟೆಸ್ಟಿಂಗು, ಮತ್ತೆ ಟೆಸ್ಟಿಂಗು. ಬೇಕೆಂದೇ ಯಾರೂ ಹೀಗೆ ಹಂಚುವುದಿಲ್ಲ. ಡೆಡ್‌ಲೈನ್ ಹತ್ತಿರವಿದ್ದಾಗ ಲೀಡ್ ತನಗೆ ಭರವಸೆ ಹುಟ್ಟುವ ಹೆಸರಿಗೆ ಕೆಲಸ ಕೊಡುತ್ತಾರೆ, ಮೊದಲ ವಾರ ಭರವಸೆಗೆ ಕಾಲೇಜಲ್ಲದೆ ಬೇರೆ ಆಧಾರ ಇರುವುದಿಲ್ಲ. ಆರು ತಿಂಗಳಾದ ಮೇಲೆ ಆ ಹುಡುಗ ಹೆಚ್ಚು ಕಲಿತಿರುತ್ತಾನೆ, ಲೀಡ್‌ಗೆ ತನ್ನ ಊಹೆ ಸರಿಯಾಯಿತೆಂಬ ಸಮಾಧಾನ. ಬೆಳಗಿನಿಂದ ಅಷ್ಟು ಜಾಗ್ರತೆಯಿಂದ ಹಾಕಿದ ಅಂಕಗಳಲ್ಲಿ ಈ ಹಂಚಿಕೆಯ ಪಾಲೂ ಸೇರಿಕೊಂಡಿರುತ್ತದೆ, ಅದನ್ನು ಈಗ ಬೇರ್ಪಡಿಸಲಾಗದು.

ಹಾಗಾಗಿ ಮುಂದಿನ ಬ್ಯಾಚು ಬರುವ ಹಿಂದಿನ ವಾರ ಇನ್ನೊಂದು ಶೀಟು ಸಿದ್ಧವಾಗಬೇಕು: ಒಬ್ಬೊಬ್ಬರಿಗೆ ಮೂರು ಕೆಲಸ, ಅದರಲ್ಲಿ ಒಂದಾದರೂ ಹೊರಗಿನವರು ನೋಡುವಂಥದ್ದು, ಒಂದಾದರೂ ಹಿರಿಯರೊಬ್ಬರ ಜೊತೆ ಕೂತು ಮಾಡುವಂಥದ್ದು. ಹೆಸರಿನ ಜಾಗದಲ್ಲಿ ಒಂದರಿಂದ ಹನ್ನೆರಡರವರೆಗೆ ಸಂಖ್ಯೆ. ಯಾವ ಸಂಖ್ಯೆ ಯಾರದೆಂದು ಚೀಟಿ ಎತ್ತುವುದು ಅವರು ಒಳಗೆ ಕಾಲಿಟ್ಟ ದಿನ.