ಸೀಟು ಹಿಡಿದ ರೊಟ್ಟಿ ಗಂಟು

ಬಾಗಲಕೋಟೆ ಬಸ್ ಸ್ಟ್ಯಾಂಡು. ಗುಳೇದಗುಡ್ಡದ ಬಸ್ ಇನ್ನೂ ನಿಂತಿರಲಿಲ್ಲ, ಕಿಟಕಿಯಿಂದ ಟವೆಲ್, ಚೀಲ, ಒಂದು ಕೊಡೆ ಒಳಗೆ ಬಿದ್ದವು.

ನಾನು ಹತ್ತಿದಾಗ ಒಂದು ಸೀಟಿನ ಮೇಲೆ ಬಿಳಿ ಬಟ್ಟೆಯ ಗಂಟು. ಕಟಕ್ ರೊಟ್ಟಿ! ಅಷ್ಟು ರಶ್ ಇದ್ದರೂ ಯಾರೂ ಮುಟ್ಟಲಿಲ್ಲ. ಟವೆಲ್ ಆಗಿದ್ದರೆ ಸುಮ್ನೆ ಸರಿಸಿಬಿಡ್ತಿದ್ದರು. ರೊಟ್ಟಿ ಮುರಿದರೆ ಯಾರು ಬೈಸಿಕೊಳ್ತಾರೆ, ಅಲ್ವಾ?

ಆ ಗಂಟಿನ ಒಡತಿ, ಒಬ್ಬ ಅಜ್ಜಿ, ಎಲ್ಲರಿಗಿಂತ ಕೊನೆಗೆ ಹತ್ತಿದರು. ಗಂಟು ತೊಡೆ ಮೇಲೆ. "ಬಾ ತಂಗಿ, ಸರಕೊಂಡ್ ಕುಂದ್ರೂಣು."

2023ರ ಜೂನ್‌ನಿಂದ ನಮ್ಮ ಹೆಂಗಸರಿಗೆಲ್ಲ ಸರ್ಕಾರಿ ಬಸ್ ಫ್ರೀ. ಆದರೂ ಆ ಸೊನ್ನೆ ರೂಪಾಯಿ ಟಿಕೆಟನ್ನು ಅಜ್ಜಿ ನಾಲ್ಕು ಮಡಿಕೆ ಮಾಡಿ ಎಲೆಅಡಿಕೆ ಸಂಚಿಯಲ್ಲಿಟ್ಟರು.

ಬೆಂಗಳೂರಿನ ಮೆಟ್ರೋದಲ್ಲಿ ಮುಂದಿನ ರೈಲು ಎಷ್ಟು ನಿಮಿಷಕ್ಕೆ ಅಂತ ಬೋರ್ಡೇ ಹೇಳುತ್ತೆ. "ಸರಕೊಂಡ್ ಕುಂದ್ರೂಣು" ಅಂತ ಮಾತ್ರ ನನಗಿನ್ನೂ ಯಾರೂ ಅಂದಿಲ್ಲ.

ಇಳಿಯುವಾಗ ಕೈಗೆ ಒಂದು ರೊಟ್ಟಿ ಬಂತು. ಮೇಲೆ ಶೇಂಗಾ ಚಟ್ನಿ.